ಪೌಸೇನಿಯಸ್ ಕಾಣದೆ ಹೋದ ಡೆಲ್ಫಿ

ಡೆಲ್ಫಿಗೆ ಹೋದವರು ಮೊದಲು ಮ್ಯೂಸಿಯಂ ನೋಡಬೇಕೋ, ಮೊದಲು ಬೆಟ್ಟ ಹತ್ತಬೇಕೋ? ಅಥೆನ್ಸಿನ ಅಕ್ರೊಪೊಲಿಸ್ ಬಗ್ಗೆ ಇಲ್ಲಿ ಬರೆದ ಮೇಲೆ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳಿದವರಲ್ಲಿ ಗ್ರೀಸಿಗೆ ಆಗಲೇ ಟಿಕೆಟ್ ಮಾಡಿಸಿದವರೂ ಇದ್ದಾರೆ. ಇನ್ನೂ ಕಾಯಿಸುವುದು ನ್ಯಾಯವಲ್ಲ.

ಮ್ಯೂಸಿಯಂ ಮೊದಲು. ಗೈಡುಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬಿಸಿಲೇರುವ ಮುನ್ನ ಬೆಟ್ಟ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಗುಂಪನ್ನು ನೆರಳಿಗೆ ಸೇರಿಸುವುದು ಅವರ ಕ್ರಮ. ಜುಲೈ, ಆಗಸ್ಟ್ ತಿಂಗಳಿಗೆ ಅದೇ ಸರಿ. ಉಳಿದ ತಿಂಗಳಲ್ಲಿ ಹಟ ಹಿಡಿದಾದರೂ ಮೊದಲು ಒಳಗೆ ಹೋಗಿ. ಏಕೆಂದರೆ ಬೆಟ್ಟದ ಮೇಲಿನ ಪವಿತ್ರ ಪಥದ ಎರಡೂ ಬದಿ ಉಳಿದಿರುವುದು ಹೆಚ್ಚಾಗಿ ಪೀಠಗಳು, ಅಡಿಪಾಯಗಳು. ಸಿಫ್ನೋಸ್ ದ್ವೀಪದವರು ತಮ್ಮ ಚಿನ್ನ, ಬೆಳ್ಳಿ ಗಣಿಗಳ ಹಣದಲ್ಲಿ ಕ್ರಿ.ಪೂ. 525ರ ಸುಮಾರಿಗೆ ಕಟ್ಟಿಸಿದ ಭಂಡಾರದ, ಅಂದರೆ ಕಾಣಿಕೆ ಇಡುವ ಕಟ್ಟಡದ, ಜಾಗದಲ್ಲಿ ಈಗ ಕಾಣುವುದು ಬುಡದ ಕಲ್ಲುಗಳು ಮಾತ್ರ. ಅದರ ನೆತ್ತಿಯ ಸುತ್ತ ಹರಿದಿದ್ದ ಶಿಲ್ಪಪಟ್ಟಿಕೆ ಮ್ಯೂಸಿಯಂನಲ್ಲಿದೆ. ದೇವತೆಗಳಿಗೂ ದೈತ್ಯರಿಗೂ ಕಾಳಗ ನಡೆದಿದೆ, ರಥಕ್ಕೆ ಹೂಡಿದ ಸಿಂಹ ಒಬ್ಬ ದೈತ್ಯನಿಗೆ ಬಾಯಿ ಹಾಕಿದೆ. ಅದನ್ನು ಕಣ್ತುಂಬಿಕೊಂಡು ಬಂದವರಿಗೆ ಆ ಬುಡದ ಕಲ್ಲಿನ ಮೇಲೆ ಗೋಡೆ ಎಬ್ಬಿಸಿಕೊಳ್ಳಲು ಆಧಾರವಿರುತ್ತದೆ. ಇಲ್ಲದವರು ಅದನ್ನು ದಾಟಿ ಹೋಗುತ್ತಾರೆ.

ಇಡೀ ಅಂಕಣವನ್ನು ಈ ವಾದಕ್ಕೇ ಕೊಡಬೇಕೆಂದಿದ್ದೆ. ಬರೆಯಲು ಕೂರುವ ಮುನ್ನ ಪ್ರಾಚೀನ ಪ್ರವಾಸಿ ಪೌಸೇನಿಯಸನ ಗ್ರೀಸ್ ವರ್ಣನೆಯ ಹತ್ತನೆಯ ಸಂಪುಟವನ್ನೂ ಪ್ಲೂಟಾರ್ಕನ ಒಂದು ಸಂವಾದವನ್ನೂ ಮತ್ತೆ ಓದಿದೆ. ಓದಿದ ಮೇಲೆ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಸಣ್ಣ ಪ್ರಶ್ನೆಯಾಗಿ ಕಂಡಿತು. ಡೆಲ್ಫಿಯಲ್ಲಿ ಗೈಡ್ ಬೇಕೇ ಬೇಡವೇ ಎಂಬುದು ಅದಕ್ಕಿಂತ ದೊಡ್ಡದು.

ನಮ್ಮ ಪ್ರವಾಸಪ್ರಿಯರಲ್ಲಿ ಒಂದು ಪಂಥವಿದೆ. ಪಾಳುಬಿದ್ದ ಗುಡಿಯ ಮುಂದೆ ಒಬ್ಬರೇ ನಿಲ್ಲಬೇಕು, ಗೈಡ್ ನಡುವೆ ಬಾಯಿ ಹಾಕಿದರೆ ಅನುಭವ ಕೆಡುತ್ತದೆ ಎನ್ನುವವರು. ಈಚೆಗೆ ಕಿವಿಗೆ ಆಡಿಯೋ ಗೈಡ್ ಸಿಕ್ಕಿಸಿಕೊಂಡು ಓಡಾಡುವವರೂ ಇವರ ಜೊತೆ ಸೇರಿದ್ದಾರೆ. ಈ ಪಂಥದೊಡನೆ ನನ್ನ ಜಗಳ ಹಳೆಯದು ಎಂದು ಅಂಕಣದ ಓದುಗರಿಗೆ ಗೊತ್ತು. ಡೆಲ್ಫಿಯಲ್ಲಿ ಇವರ ಮಾತು ಎಲ್ಲಕ್ಕಿಂತ ಹೆಚ್ಚು ತಪ್ಪು. ಅಲ್ಲಿ ಅಪೋಲೋ ದೇಗುಲದ ಆರು ಕಂಬ ನಿಂತಿವೆಯಲ್ಲ, ಅವು ಬಿದ್ದು ಹೂತಿದ್ದವು. ಎತ್ತಿ ನಿಲ್ಲಿಸಿದ್ದು 20ನೇ ಶತಮಾನದಲ್ಲಿ. ಇಡಿಯಾಗಿ ಉಳಿದಂತೆ ಕಾಣುವ ಅಥೆನ್ಸಿನವರ ಭಂಡಾರ 1903ರಿಂದ 1906ರವರೆಗೆ ಫ್ರೆಂಚರು ಅಲ್ಲಿಯ ಕಲ್ಲುಗಳನ್ನೇ ಹೊಂದಿಸಿ ಮತ್ತೆ ಕಟ್ಟಿದ್ದು. 1892ರಲ್ಲಿ ಫ್ರೆಂಚರ ದೊಡ್ಡ ಉತ್ಖನನ ಶುರುವಾದಾಗ ಈ ಜಾಗದ ಮೇಲೆ ಕಾಸ್ತ್ರಿ ಎಂಬ ಊರಿತ್ತು. ಮನೆಗಳನ್ನೆಲ್ಲ ಪಕ್ಕದ ಜಾಗಕ್ಕೆ ಸಾಗಿಸಿ ಮಣ್ಣು ತೆಗೆದರು. ನಾವು ಕಾಣುವ ನೋಟವೇ ಹೀಗೆ ಹಲವು ಕೈ ಸೇರಿ ಮಾಡಿದ್ದು. ಕಲ್ಲು ಅದನ್ನು ತಾನಾಗಿ ಹೇಳುವುದಿಲ್ಲ. ಹೇಳಲು ಜನ ಬೇಕು.

ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ ಎಂಬ ದೂರು ಹೊಸದಲ್ಲ, ಸುಮಾರು 1,900 ವರ್ಷ ಹಳೆಯದು. ಪ್ಲೂಟಾರ್ಕ್ ಸ್ವತಃ ಡೆಲ್ಫಿಯ ಅಪೋಲೋ ಗುಡಿಯ ಅರ್ಚಕನಾಗಿದ್ದವನು. ಡೆಲ್ಫಿಯ ಜನರೂ ಅವನ ಹುಟ್ಟೂರಾದ ಖೈರೋನಿಯಾದ ಜನರೂ ಸೇರಿ ಅವನ ಪ್ರತಿಮೆ ನಿಲ್ಲಿಸಿದ್ದರೆಂಬ ಶಾಸನ ಅಲ್ಲಿಯೇ ಸಿಕ್ಕಿದೆ. ಆ ಗುಡಿಯ ಕಣಿಗಾರ್ತಿ ಪಿಥಿಯಾ ಈಗೇಕೆ ಪದ್ಯದಲ್ಲಿ ಕಣಿ ಹೇಳುವುದಿಲ್ಲ ಎಂಬುದರ ಬಗ್ಗೆ ಅವನು ಒಂದು ಸಂವಾದ ಬರೆದಿದ್ದಾನೆ. ನನ್ನ ಮಟ್ಟಿಗೆ ಗೈಡ್ ಜೊತೆಗಿನ ಸುತ್ತಾಟದ ಬಗ್ಗೆ ಇದಕ್ಕಿಂತ ಒಳ್ಳೆಯ ಬರಹ ಇಲ್ಲ.

ಪೆರ್ಗಮಾನ್ ಊರಿನ ಡಯೋಜೆನಿಯಾನಸ್ ಎಂಬ ತರುಣ ಡೆಲ್ಫಿ ನೋಡಲು ಬಂದಿದ್ದಾನೆ. ತಿಳಿದ ಗೆಳೆಯರು ಜೊತೆಗಿದ್ದಾರೆ: ಒಬ್ಬ ಕವಿ, ಒಬ್ಬ ಗಣಿತಜ್ಞ, ಇನ್ನೂ ಒಂದಿಬ್ಬರು. ಗೈಡುಗಳು ತಮ್ಮ ಕ್ರಮದಂತೆ ಶುರುಮಾಡುತ್ತಾರೆ. ವಿವರಣೆ ಮೊಟಕು ಮಾಡಿ, ಶಾಸನಗಳಲ್ಲಿ ಹೆಚ್ಚಿನವನ್ನು ಬಿಟ್ಟುಬಿಡಿ ಎಂದು ಇವರು ಎಷ್ಟು ಕೇಳಿಕೊಂಡರೂ ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಷ್ಟನ್ನೇ ಎತ್ತಿಕೊಂಡು ಪ್ಲೂಟಾರ್ಕನನ್ನು ಏಕಾಂತವಾದಿಗಳು ತಮ್ಮ ಸಾಕ್ಷಿಯಾಗಿ ಕರೆತರಬಹುದು. ಆದರೆ ಮುಂದಕ್ಕೆ ಓದಿ. ಗೈಡುಗಳು ನಿಲ್ಲಿಸಿಕೊಂಡು ಹೇಳುತ್ತಿರುವಾಗಲೇ ತರುಣನ ಕಣ್ಣು ಕಂಚಿನ ನೌಕಾಪತಿಗಳ ಪ್ರತಿಮೆಗಳ ಬಣ್ಣದ ಮೇಲೆ ಬೀಳುತ್ತದೆ. ಸಮುದ್ರದ ಆಳದಿಂದ ಎದ್ದು ಬಂದವರಂತೆ ಅವು ನೀಲಿಗಟ್ಟಿವೆ. ಹಿಂದಿನ ಕುಶಲಕರ್ಮಿಗಳು ಕಂಚಿಗೆ ಏನಾದರೂ ಹಾಕುತ್ತಿದ್ದರೇ, ಇಲ್ಲಿಯ ಗಾಳಿಯ ಗುಣವೇ ಅಂಥದ್ದೇ ಎಂದು ಮಾತು ಬೆಳೆಯುತ್ತದೆ. ಕೊರಿಂಥದವರ ಭಂಡಾರದಲ್ಲಿ ಒಂದು ಕಂಚಿನ ತಾಳೆಮರವಿದೆ; ಅದರ ಬುಡದಲ್ಲಿ ಕಪ್ಪೆಗಳು, ನೀರುಹಾವುಗಳು. ಅವು ಏಕಿವೆ ಎಂಬುದರ ಮೇಲೆ ಇನ್ನೊಂದು ಚರ್ಚೆ. ಮುಂದೆ ಗೈಡ್ ಒಂದು ಜಾಗ ತೋರಿಸಿ, ರೊಡೋಪಿಸ್ ಎಂಬ ವೇಶ್ಯೆ ಹರಕೆ ಒಪ್ಪಿಸಿದ ಕಬ್ಬಿಣದ ಸಲಾಕೆಗಳು ಇಲ್ಲಿದ್ದವು ಎನ್ನುತ್ತಾನೆ. ತರುಣನಿಗೆ ಸಿಟ್ಟು ಬರುತ್ತದೆ. ದೇವರ ಸನ್ನಿಧಿಯಲ್ಲಿ ಯಾರ ಕಾಣಿಕೆಗೆ ಜಾಗ ಇರಬೇಕು ಎಂಬ ವಾದ ಹುಟ್ಟುತ್ತದೆ. ಕೊನೆಗೆ ಎಲ್ಲರೂ ದೇಗುಲದ ದಕ್ಷಿಣ ಮೆಟ್ಟಿಲ ಮೇಲೆ ಕೂತು ಕಣಿಯ ಪ್ರಶ್ನೆಗೆ ಬರುತ್ತಾರೆ.

ಅಷ್ಟು ಹೊತ್ತಿನ ಮಾತಿಗೆ ದಾರಿ ಮಾಡಿಕೊಟ್ಟವರು ಗೈಡುಗಳು. ಅವರು ನಿಂತಲ್ಲೆಲ್ಲ ಈ ಗುಂಪು ನಿಂತಿತು, ನಿಂತಿದ್ದರಿಂದ ನೋಡಿತು, ನೋಡಿದ್ದರಿಂದ ಕೇಳಿತು. ಒಬ್ಬರೇ ತಿರುಗುವವರು ತಮಗೆ ಮೊದಲೇ ಇಷ್ಟವಿದ್ದ ಕಡೆ ಮಾತ್ರ ನಿಲ್ಲುತ್ತಾರೆ.

ಇನ್ನು ಪೌಸೇನಿಯಸ್. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸನ್ನು ಊರೂರು ಸುತ್ತಿ ಹತ್ತು ಸಂಪುಟ ಬರೆದವನು. ಗೈಡುಗಳ ಮಾತನ್ನು ಕಣ್ಣುಮುಚ್ಚಿ ನಂಬಿದವನಲ್ಲ. ಆರ್ಗೋಸಿನ ಗೈಡುಗಳಿಗೆ ತಾವು ಹೇಳುವುದೆಲ್ಲ ನಿಜವಲ್ಲವೆಂದು ಗೊತ್ತಿದೆ, ಆದರೂ ಅದನ್ನೇ ಹೇಳುತ್ತಾರೆ ಎಂದು ಬರೆದಿಟ್ಟಿದ್ದಾನೆ. ಡೆಲ್ಫಿಯಲ್ಲಿ ಕ್ನಿಡೋಸಿನವರು ಕಟ್ಟಿಸಿದ ಲೆಸ್ಕೆ, ಅಂದರೆ ಜನ ಕೂತು ಮಾತಾಡುವ ಸಭಾಮಂಟಪ, ಇತ್ತು. ಅದರ ಗೋಡೆಗಳ ಮೇಲೆ ಪಾಲಿಗ್ನೋಟಸ್ ಬರೆದ ದೊಡ್ಡ ಚಿತ್ರಗಳಿದ್ದವು. ಪೌಸೇನಿಯಸ್ ಆ ಒಂದು ಮಂಟಪಕ್ಕೆ ಏಳು ಅಧ್ಯಾಯ ಕೊಟ್ಟಿದ್ದಾನೆ.

ಒಳಗೆ ಹೋದರೆ ಬಲಕ್ಕೆ ಟ್ರಾಯ್ ಬಿದ್ದ ಮರುಗಳಿಗೆ. ಮೆನೆಲಾಸನ ಹಡಗು ಹೊರಡಲು ಸಜ್ಜಾಗುತ್ತಿದೆ, ಬಿಡಾರ ಬಿಚ್ಚುತ್ತಿದ್ದಾರೆ. ಹೆಲೆನ್ ಕೂತಿದ್ದಾಳೆ, ಒಬ್ಬ ದಾಸಿ ಅವಳ ಪಾದರಕ್ಷೆಯ ದಾರ ಕಟ್ಟುತ್ತಿದ್ದಾಳೆ. ಕಸಾಂಡ್ರಾ ಅಥೀನಾಳ ವಿಗ್ರಹ ಹಿಡಿದು ನೆಲದ ಮೇಲೆ ಕೂತಿದ್ದಾಳೆ. ಎಲ್ಲರೂ ಕೈಬಿಟ್ಟರೂ ನಿಯೊಪ್ಟಾಲೆಮಸ್ ಒಬ್ಬ ಇನ್ನೂ ಕೊಲ್ಲುತ್ತಲೇ ಇದ್ದಾನೆ. ಒಂದು ಬತ್ತಲೆ ಮಗು ಹೆದರಿ ಕಣ್ಣಿಗೆ ಕೈ ಅಡ್ಡ ಹಿಡಿದಿದೆ. ಎಡಕ್ಕೆ ಪಾತಾಳ. ಮಸುಕು ನೆರಳಿನಂಥ ಮೀನುಗಳಿರುವ ನದಿ, ಮುದಿ ಅಂಬಿಗ. ಒಕ್ನಸ್ ಎಂಬವನು ಹಗ್ಗ ಹೊಸೆಯುತ್ತಿದ್ದಾನೆ. ಹೊಸೆದಷ್ಟನ್ನೂ ಪಕ್ಕದ ಹೆಣ್ಣುಕತ್ತೆ ತಿನ್ನುತ್ತಿದೆ. ಅಲ್ಲಿಯೇ ಯೂರಿನೊಮಸ್ ಎಂಬ ಪಿಶಾಚಿ, ಮಾಂಸದ ಮೇಲೆ ಕೂರುವ ನೊಣದ ಕಪ್ಪುನೀಲಿ ಬಣ್ಣದವನು, ಹಲ್ಲು ಕಿರಿದುಕೊಂಡು ಕೂತಿದ್ದಾನೆ.

ಈ ಯೂರಿನೊಮಸ್ ಯಾರು? ಹೆಣಗಳ ಮಾಂಸ ತಿಂದು ಮೂಳೆ ಮಾತ್ರ ಉಳಿಸುವವನು ಎಂದು ಪೌಸೇನಿಯಸನಿಗೆ ಹೇಳಿದವರು ಡೆಲ್ಫಿಯ ಗೈಡುಗಳು. ಅವನು ಹೋಮರನನ್ನು ತಡಕಿದ, ಪಾತಾಳದ ಕಥೆ ಬರುವ ಇನ್ನೆರಡು ಕಾವ್ಯಗಳನ್ನೂ ತಡಕಿದ. ಅಂಥ ಪಿಶಾಚಿಯ ಸುದ್ದಿ ಎಲ್ಲಿಯೂ ಇಲ್ಲವೆಂದು ಸ್ಪಷ್ಟವಾಗಿ ಬರೆದ. ಆದರೂ ಗೈಡುಗಳ ಮಾತನ್ನು ದಾಖಲಿಸಿದ. ಪಾಲಿಗ್ನೋಟಸನ ಚಿತ್ರಗಳಲ್ಲಿ ಒಂದು ಚೂರೂ ನಮಗೆ ಉಳಿದಿಲ್ಲ. ಉಳಿದಿರುವುದು ಈ ಏಳು ಅಧ್ಯಾಯ. ಅವುಗಳಲ್ಲಿ ಹೆಸರಿಲ್ಲದ ಗೈಡುಗಳ ಪಾಲೂ ಇದೆ. ಕೇಳು, ಹೋಲಿಸಿ ನೋಡು, ಆದರೆ ಕೇಳಿದ್ದನ್ನು ಬರೆದಿಡು: ಗೈಡ್ ಜೊತೆ ಹೋಗುವವರಿಗೆ ಪೌಸೇನಿಯಸ್ ತೋರಿಸಿದ ನಡೆ ಇದು.

ಈಗ ಮ್ಯೂಸಿಯಂಗೆ ಬನ್ನಿ. ಅಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಸಾರಥಿಯನ್ನು. 1.80 ಮೀಟರ್ ಎತ್ತರದ ಕಂಚಿನ ಯುವಕ. ಸಿಸಿಲಿಯ ಗೇಲಾ ನಗರದ ಅರಸ ಪಾಲಿಜಾಲಸ್ ಪಿಥಿಯನ್ ಕ್ರೀಡೆಯ ರಥಪಂದ್ಯ ಗೆದ್ದು ಕ್ರಿ.ಪೂ. 5ನೇ ಶತಮಾನದ ಮೊದಲ ಭಾಗದಲ್ಲಿ ಒಪ್ಪಿಸಿದ ಕಾಣಿಕೆಯ ಒಂದು ಅಂಶ. ಎಡತೋಳು ಇಲ್ಲ, ರಥವಿಲ್ಲ, ಕುದುರೆಗಳ ಕೆಲವು ತುಂಡು ಮಾತ್ರ ಸಿಕ್ಕಿವೆ. ಕಣ್ಣುಗಳನ್ನು ಬೇರೆ ವಸ್ತುವಿನಲ್ಲಿ ಮಾಡಿ ಕೂರಿಸಿದ್ದಾರೆ, ರೆಪ್ಪೆಗೂದಲು ಎದ್ದು ಕಾಣುತ್ತದೆ. ಪಾದಗಳನ್ನು ನೋಡದೆ ಹೊರಡಬೇಡಿ. ರಥದೊಳಗೆ ನಿಂತವನ ಪಾದ ಯಾರಿಗೂ ಕಾಣುವಂತಿರಲಿಲ್ಲ. ಆದರೂ ಶಿಲ್ಪಿ ಬೆರಳು ಬೆರಳನ್ನೂ ತಿದ್ದಿದ್ದಾನೆ.

ಈ ಸಾರಥಿಯನ್ನು ಪ್ಲೂಟಾರ್ಕ್ ನೋಡಿರಲಿಲ್ಲ. ಪೌಸೇನಿಯಸನೂ ನೋಡಿರಲಿಲ್ಲ. ಕ್ರಿ.ಪೂ. 373ರ ಭೂಕಂಪದಲ್ಲಿ ಬೆಟ್ಟ ಜರಿದು ಅಪೋಲೋ ದೇಗುಲ ಹಾಳಾದಾಗ ಸಾರಥಿ ಮಣ್ಣಿನಡಿ ಹೋದವನು, ಹೊರಬಂದಿದ್ದು 1896ರಲ್ಲಿ. ನೀರೋ ಚಕ್ರವರ್ತಿ ಡೆಲ್ಫಿಯಿಂದ 500 ಕಂಚಿನ ಪ್ರತಿಮೆಗಳನ್ನು ಹೊತ್ತೊಯ್ದನೆಂದು ಪೌಸೇನಿಯಸ್ ಬರೆಯುತ್ತಾನೆ; ಆ ಹೊತ್ತಿಗೆ ಈತ ನೆಲದೊಳಗಿದ್ದ, ಉಳಿದ. ಇದೇ ಮ್ಯೂಸಿಯಂನಲ್ಲಿ ದಂತ ಮತ್ತು ಚಿನ್ನದ ಪ್ರತಿಮೆಗಳ ಅವಶೇಷಗಳಿವೆ, ಬೆಂಕಿಗೆ ದಂತ ಕಪ್ಪಾಗಿದೆ. ಬೆಳ್ಳಿಯ ದೊಡ್ಡ ಹೋರಿಯೊಂದರ ತಗಡುಗಳೂ ಇವೆ. ಪುರಾತನ ಕಾಲದಲ್ಲಿಯೇ ಸುಟ್ಟು ಹಾಳಾದ ಇವನ್ನು ಪವಿತ್ರ ಪಥದ ಅಡಿಯ ಗುಂಡಿಯಲ್ಲಿ ಹೂತಿದ್ದರು. 1939ರಲ್ಲಿ ಸಿಕ್ಕವು. ಪೌಸೇನಿಯಸ್ ಅವುಗಳ ಮೇಲೆಯೇ ನಡೆದುಹೋಗಿದ್ದಾನೆ.

ಅವನು ಕಂಡದ್ದು ಹೆಚ್ಚಿನದೆಲ್ಲ ಹೋಗಿದೆ. ಅವನ ಕಾಲಡಿ ಇದ್ದುದು ಇಂದು ಗಾಜಿನ ಹಿಂದಿದೆ. ಸಿಫ್ನೋಸ್ ಭಂಡಾರದ ಬಗ್ಗೆ ಅವನು ಕಟ್ಟಿಸಿದ ಕಾರಣ ಹೇಳಿ ಮುಂದೆ ನಡೆಯುತ್ತಾನೆ, ಶಿಲ್ಪದ ಮಾತೇ ಎತ್ತುವುದಿಲ್ಲ. ಇಂದು ನಾವು ನೋಡುವುದು ಆ ಶಿಲ್ಪವನ್ನೇ. ಹೀಗೆ ಎರಡು ಡೆಲ್ಫಿಗಳಿವೆ, ಒಂದು ಪುಸ್ತಕದಲ್ಲಿ, ಒಂದು ಮ್ಯೂಸಿಯಂನಲ್ಲಿ. ಎರಡೂ ಸೇರುವ ಜಾಗ ಆ ಬರಿದಾದ ಬೆಟ್ಟ. ಸೇರಿಸಿ ಕೊಡಬಲ್ಲವರು ಒಳ್ಳೆಯ ಗೈಡ್.

ಸರ್ಪಸ್ತಂಭದ ಕತೆ ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು. ಬಿ.ಎಂ. ಶ್ರೀಯವರ ‘ಪಾರಸಿಕರು’ ಮೂಲಕ ಈಸ್ಕಿಲಸನ ನಾಟಕ ನಮಗೆ ಬಂದಿದೆ. ಅದರಲ್ಲಿ ಪಾರಸಿಕ ದೊರೆ ದಾರಿಯಸನ ಪ್ರೇತ ಎದ್ದು ಬಂದು ಪ್ಲಾಟಿಯಾದಲ್ಲಿ ಆಗಲಿರುವ ಸೋಲನ್ನು ಮುಂಗಾಣುತ್ತದೆ. ಕ್ರಿ.ಪೂ. 479ರ ಆ ಪ್ಲಾಟಿಯಾ ಗೆಲುವಿಗೆ ಗ್ರೀಕರು ಡೆಲ್ಫಿಗೆ ಒಪ್ಪಿಸಿದ್ದು ಹೆಣೆದುಕೊಂಡ ಮೂರು ಹಾವುಗಳ ಕಂಚಿನ ಕಂಬ, ಅದರ ಮೇಲೊಂದು ಚಿನ್ನದ ತ್ರಿಪಾದಿ. ಕಾದಿದ 31 ನಗರಗಳ ಹೆಸರು ಹಾವಿನ ಸುರುಳಿಗಳ ಮೇಲೆ ಕೊರೆದಿದೆ. ಚಿನ್ನವನ್ನು ಡೆಲ್ಫಿಯ ಸುತ್ತಣ ಫೋಕಿಸಿನವರು ತಮ್ಮ ಯುದ್ಧದ ಖರ್ಚಿಗೆ ಕರಗಿಸಿದರು. ಕಂಚನ್ನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಗೆ ಒಯ್ದ. ಮೊಂಡಾದ ಆ ಕಂಬ ಇಂದಿಗೂ ಇಸ್ತಾಂಬುಲ್‌ನಲ್ಲಿ ನಿಂತಿದೆ. ಡೆಲ್ಫಿಯಲ್ಲಿರುವುದು ಪ್ರತಿಕೃತಿ. ಈ ಕಂಬದ ಮುಂದೆ ಗೈಡ್ ಅವಸರ ಮಾಡಿದರೆ ನಿಲ್ಲಿಸಿ ಕೇಳಿ. ದೇಗುಲದ ಅಡಿಯಿಂದ ಎಥಿಲೀನ್ ಅನಿಲ ಬಂದು ಪಿಥಿಯಾಳಿಗೆ ಮಂಪರು ಕವಿಯುತ್ತಿತ್ತು ಎಂಬ ವಾದಕ್ಕೆ, 2001ರಲ್ಲಿ ಭೂವಿಜ್ಞಾನಿಗಳು ಮಂಡಿಸಿದ ಮೇಲೆ, ಗೈಡುಗಳು ಬಹಳ ಹೊತ್ತು ಕೊಡುತ್ತಾರೆ. ಅದನ್ನು ಪ್ರಶ್ನಿಸಿದ ವಿದ್ವಾಂಸರೂ ಇದ್ದಾರೆ. ಆ ಹೊತ್ತಿನಲ್ಲಿ ಅರ್ಧವನ್ನು ಸರ್ಪಸ್ತಂಭಕ್ಕೆ ಬೇಡಿ ಪಡೆಯಿರಿ.

ಗ್ರೀಸಿನ ಪುರಾತತ್ವ ತಾಣಗಳಲ್ಲಿ ಗೈಡ್ ಕೆಲಸ ಮಾಡಲು ಓದಿ ಪರವಾನಗಿ ಪಡೆದಿರಬೇಕು. ಅಂಥವರನ್ನೇ ಹುಡುಕಿ. ಅಥೆನ್ಸಿನಿಂದ ಡೆಲ್ಫಿಗೆ ಸುಮಾರು 180 ಕಿಲೋಮೀಟರ್. ಥೀಬ್ಸ್ ದಾಟಿ ಲಿವಾಡಿಯಾದಿಂದ ಬೆಟ್ಟದ ಕಡೆ ತಿರುಗಿದ ಮೇಲೆ ಈಡಿಪಸ್ ತನ್ನ ತಂದೆಯನ್ನು ಕೊಂದನೆನ್ನುವ ಮೂರುದಾರಿಯ ಕೂಡು ಎಲ್ಲಿ ಎಂದು ಬಸ್ಸಿನಲ್ಲಿಯೇ ಕೇಳಿ. ಲಂಕೇಶರ ‘ದೊರೆ ಈಡಿಪಸ್’ ಓದಿದವರು ಅದನ್ನು ನೋಡದೆ ಮುಂದೆ ಹೋಗಬಾರದು. ಒಂದೇ ದಿನದಲ್ಲಿ ಹೋಗಿ ಬರುವ ಪ್ರವಾಸಕ್ಕೆ ಒಪ್ಪಬೇಡಿ. ಡೆಲ್ಫಿ ಊರಿನಲ್ಲೋ ಅರಾಕೋವಾದಲ್ಲೋ ಒಂದು ರಾತ್ರಿ ಉಳಿದರೆ ಬೆಟ್ಟಕ್ಕೆ ಒಂದು ಹೊತ್ತು, ಮ್ಯೂಸಿಯಂಗೆ ಒಂದು ಹೊತ್ತು ಸಿಗುತ್ತದೆ, ಯಾವುದು ಮೊದಲು ಎಂಬ ತಕರಾರೂ ಉಳಿಯುವುದಿಲ್ಲ.

ಲೆಸ್ಕೆಯ ಜಾಗವನ್ನು ತೋರಿಸದೆ ಗೈಡನ್ನು ಬಿಡಬೇಡಿ. ದೇಗುಲಕ್ಕಿಂತ ಮೇಲೆ, ಆವರಣದ ಉತ್ತರ ಗೋಡೆಗೆ ಆತುಕೊಂಡು, ರಂಗಮಂದಿರದ ಪೂರ್ವಕ್ಕಿದೆ. ನೋಡಲು ಏನೂ ಇಲ್ಲವೆಂದು ಅವರು ಹೇಳಬಹುದು. ಪೌಸೇನಿಯಸನ ಹತ್ತನೆಯ ಸಂಪುಟವನ್ನು ಜೊತೆಗೆ ಒಯ್ದಿರಿ. 25ರಿಂದ 31ರವರೆಗಿನ ಅಧ್ಯಾಯಗಳಿಗೆ ಮನೆಯಲ್ಲಿಯೇ ಗುರುತು ಹಾಕಿಟ್ಟುಕೊಳ್ಳಿ.