ವೃಷಭಾವತಿಗೆ ಬರಲು ಎಷ್ಟು ಪುಟ?

ಬೆಂಗಳೂರಿನ ಸುಂಕದಕಟ್ಟೆಯ ಸುತ್ತಲಿನ ಕಾಲೇಜು ಹುಡುಗರು ಪ್ರಾಜೆಕ್ಟಿಗೆ ವೃಷಭಾವತಿಯನ್ನು ಆರಿಸಿಕೊಳ್ಳುವುದು ಸಹಜ. ಪೀಣ್ಯದ ಕಾರ್ಖಾನೆಗಳ ನೀರು, ಬಡಾವಣೆಗಳ ಚರಂಡಿ ಎಲ್ಲವೂ ಸೇರುವ ಹೊಳೆ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಆದರೆ ಇಂಥ ವರದಿಗಳ ಪೀಠಿಕೆಯಲ್ಲಿ ಹೊಳೆಯೇ ಸಿಗುವುದಿಲ್ಲ. ನೀರು ಜೀವಜಲ, ಭೂಮಿಯ ಶೇ 71ರಷ್ಟು ಮೇಲ್ಮೈ ನೀರು, ನದಿದಂಡೆಯ ನಾಗರಿಕತೆಗಳು, 1974ರ ಜಲಮಾಲಿನ್ಯ ಕಾಯ್ದೆ... ಭಾಷಣಕಾರರು ಗಂಟಲು ಸರಿಮಾಡಿಕೊಂಡಂತೆ ಪುಟಗಳು ಉರುಳುತ್ತವೆ.

ಒಂದು ವಿಷಯದಲ್ಲಿ ಈಗಾಗಲೇ ಏನು ಗೊತ್ತಿದೆ, ಎಲ್ಲಿ ತೆರಪಿದೆ, ಅದರಲ್ಲಿ ಎಷ್ಟನ್ನು ಈ ಲೇಖನ ತುಂಬುತ್ತದೆ: ಸಂಶೋಧನ ಲೇಖನಗಳ ಪೀಠಿಕೆಗೆ ಜಾನ್ ಸ್ವೇಲ್ಸ್ 1990ರಲ್ಲಿ ಗುರುತಿಸಿದ ಮೂರು ನಡೆಗಳು ಹೆಚ್ಚುಕಡಿಮೆ ಇವೇ. ನಮ್ಮವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ಎರಡನೆಯದಕ್ಕೆ ಹಿಂದಿನವರನ್ನು ನಿಜವಾಗಿ ಓದಿರಬೇಕು. ಓದಿ, 'ಇಷ್ಟನ್ನು ಅವರು ನೋಡಿಲ್ಲ' ಎನ್ನಬೇಕು. ಆ ಹಿಂದಿನವರಲ್ಲಿ ನಮ್ಮ ಗೈಡ್ ಕೂಡ ಇದ್ದರೆ ಫಜೀತಿಯೇ, ಬಿಡಿ.

ಸುಮನಹಳ್ಳಿ ಬಳಿಯ ನೀರಿನಲ್ಲಿ ಕ್ರೋಮಿಯಂ ಎಷ್ಟಿದೆಯೆಂದು ಅಳೆಯುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳು ಓದಿದ ಲೇಖನಗಳೆಲ್ಲ ಬೇಸಿಗೆಯ ಮಾದರಿಗಳನ್ನೇ ನೆಚ್ಚಿದ್ದರೆ, ಮೊದಲ ಮಳೆಗೆ ಈ ಅಂಕಿ ಇಳಿಯುತ್ತದೆಯೋ, ತಳದ ಕೆಸರು ಕದಡಿ ಏರುತ್ತದೆಯೋ ಎಂಬುದೇ ಅವಳ ಮೊದಲ ವಾಕ್ಯವಾಗಬಹುದು. ಇದೇ ನೀರು ಕೆಳಗೆ ಬೈರಮಂಗಲ ಕೆರೆ ಸೇರಿ ಹೊಲಗಳಿಗೆ ಹಾಯುತ್ತದೆ ಎಂಬುದು ಎರಡನೆಯದು. ಅಷ್ಟಕ್ಕೇ ಪ್ರಶ್ನೆಯೂ ಬಂತು, ಅದರ ತೂಕವೂ ಬಂತು. ನಾಗರಿಕತೆಯ ಇತಿಹಾಸ ಇಲ್ಲದ್ದಕ್ಕೆ ಯಾರೂ ಕೊರಗುವುದಿಲ್ಲ.

ಕನ್ನಡ ವಿಭಾಗಗಳ ಪ್ರಬಂಧಗಳೂ ಕಡಿಮೆಯೇನಿಲ್ಲ. 'ಸಂಸ್ಕೃತಿ ಎಂದರೇನು' ಎಂಬ ಅಧ್ಯಾಯ ದಾಟದೆ ಊರಿನ ಜಾತ್ರೆ ಬರುವುದಿಲ್ಲ. ಆದರೆ ಸುಂಕದಕಟ್ಟೆಯಿಂದ ದೂರವೇನಲ್ಲದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಪಾಠ ಹೇಳಿದ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಅಚ್ಚಾಯಿತು. ರಾಜವಂಶ, ಕಾಲನಿರ್ಣಯ, ಭಾಷಾಚರಿತ್ರೆಗೆ ಹೆಚ್ಚಾಗಿ ಬಳಕೆಯಾಗುತ್ತಿದ್ದ ಶಾಸನಗಳನ್ನು ಜನರ ಬದುಕಿಗಾಗಿ ಓದಿದ ಮಹಾಪ್ರಬಂಧ ಅದು. ತೆರಪು ಯಾವುದೆಂದು ಶೀರ್ಷಿಕೆಯೇ ಹೇಳಿಬಿಡುತ್ತದೆ.

ಹಾಗೆಂದು ಎಲ್ಲರೂ ವಾಟ್ಸನ್ ಮತ್ತು ಕ್ರಿಕ್ ಆಗಬೇಕಿಲ್ಲ. ಡಿಎನ್‌ಎ ಕುರಿತ ಅವರ 1953ರ ಪುಟ್ಟ ಲೇಖನ ಮೊದಲ ವಾಕ್ಯದಲ್ಲೇ ತನ್ನ ಪ್ರಸ್ತಾಪವನ್ನು ಮುಂದಿಡುತ್ತದೆ. ಆ ರಚನೆ ಯಾಕೆ ಮುಖ್ಯವೆಂದು ಓದುಗರಿಗೆ ಮೊದಲೇ ಗೊತ್ತಿತ್ತು. ಸುಮನಹಳ್ಳಿಯ ಕ್ರೋಮಿಯಂಗೆ ಒಂದು ಪುಟದ ಹಿನ್ನೆಲೆ ಬೇಕಾದೀತು. ಆದರೆ ಪೀಠಿಕೆ ಇಂತಿಷ್ಟು ಪುಟ ಇರಲೇಬೇಕೆಂಬ ಅಲಿಖಿತ ನಿಯಮ ಹೋಗದೆ, ಮಾದರಿ ತೆಗೆಯುವ ಮೊದಲೇ ಪೀಠಿಕೆ ಬರೆಸಿಕೊಳ್ಳುವ ರೂಢಿ ತಪ್ಪದೆ, ಆ ಪುಟದಲ್ಲಿ ಹೊಳೆ ಹರಿಯುವುದು ಕಷ್ಟ.