ಚಿಕಿತ್ಸೆಯ ಗುರಿ ಯಾರದು?

ಬೋಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆಯವರು 2014ರಲ್ಲಿ ಪ್ರಕಟಿಸಿದ ‘ಬೀಯಿಂಗ್ ಮಾರ್ಟಲ್’ ಮುಪ್ಪು ಮತ್ತು ಮರಣಗಳನ್ನು ಕುರಿತ ಗ್ರಂಥ. ಆಯುಷ್ಯವನ್ನು ಬೆಳೆಸಲು ಶ್ರಮಿಸುವ ವೈದ್ಯಶಾಸ್ತ್ರವು, ಬೆಳೆದ ದಿನಗಳು ಯಾವುದಕ್ಕಾಗಿ ಎಂಬುದನ್ನು ರೋಗಿಯಿಂದಲೇ ತಿಳಿಯಬೇಕೆಂಬುದು ಲೇಖಕರ ಪ್ರತಿಪಾದನೆ.

ಇದಕ್ಕೆ ಜ್ಯಾಕ್ ಬ್ಲಾಕ್ ಎಂಬ ನಿವೃತ್ತ ಪ್ರಾಧ್ಯಾಪಕರ ಪ್ರಸಂಗ ಉತ್ತಮ ನಿದರ್ಶನ. ಅವರ ಕುತ್ತಿಗೆಯ ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದಿತ್ತು. ಬದುಕುಳಿಯಲು ಎಷ್ಟು ಕಷ್ಟ ಸಹಿಸಲು ಸಿದ್ಧರೆಂದು ಶಸ್ತ್ರಕ್ರಿಯೆಗೆ ಮುನ್ನ ಮಗಳು ಕೇಳಿದಳು. ಚಾಕೊಲೇಟ್ ಐಸ್‌ಕ್ರೀಂ ತಿಂದು ಟಿ.ವಿ.ಯಲ್ಲಿ ಫುಟ್‌ಬಾಲ್ ನೋಡುವಂತಾದರೆ ಸಾಕೆಂದು ತಂದೆ ಹೇಳಿದರು. ಮಗಳು ಸ್ವತಃ ಉಪಶಾಮಕ ಚಿಕಿತ್ಸೆಯ ವೈದ್ಯೆ. ಆದರೂ ಈ ಉತ್ತರವನ್ನು ಆಕೆ ನಿರೀಕ್ಷಿಸಿರಲಿಲ್ಲ. ಶಸ್ತ್ರಕ್ರಿಯೆಯ ತರುವಾಯ ರಕ್ತಸ್ರಾವವಾಗಿ ಕ್ಷಣಮಾತ್ರದಲ್ಲಿ ನಿರ್ಧರಿಸಬೇಕಾದಾಗ ಅದೇ ದಾರಿ ತೋರಿತು. ಹತ್ತಿರದವರಿಗೆಲ್ಲ ತಿಳಿದೇ ಇದೆ ಎಂಬ ಭ್ರಮೆಯನ್ನು ಈ ಪ್ರಸಂಗ ಕಳೆಯುತ್ತದೆ.

ಆದರೆ ಗ್ರಂಥದ ತರ್ಕ ನಮ್ಮ ಮನೆಗಳಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ರೋಗಿಗೆ ತನ್ನ ರೋಗದ ಹೆಸರು ಗೊತ್ತಿರುತ್ತದೆಂದು ಅದು ಭಾವಿಸಿದೆ. ಇಲ್ಲಿ ಅನೇಕ ವೇಳೆ ವೈದ್ಯರು ಮಕ್ಕಳೊಡನೆ ಮಾತಾಡುತ್ತಾರೆ; ಹಿರಿಯರಿಗೆ ಸಮಾಧಾನದ ಸುಳ್ಳು ಮಾತ್ರ ದೊರೆಯುತ್ತದೆ. ನಿಜ ತಿಳಿಯದವರು ಇಷ್ಟವನ್ನು ಹೇಗೆ ಹೇಳಿಯಾರು?

ಎರಡನೆಯದು ಹಣದ ಮಾತು. ಅಮೆರಿಕದಲ್ಲಿ ವೃದ್ಧರ ಅಂತ್ಯಕಾಲದ ಆರೈಕೆಯ ವೆಚ್ಚವನ್ನು ಮೆಡಿಕೇರ್ ಯೋಜನೆ 1983ರಿಂದ ಭರಿಸುತ್ತಿದೆ. ನಮ್ಮಲ್ಲಿ ಬಹುಪಾಲು ಮನೆಯವರೇ ತೆರಬೇಕು. ಆದುದರಿಂದ ಹಿರಿಯರೊಬ್ಬರು ‘ಇನ್ನು ಸಾಕು’ ಎಂದಾಗ ಅದು ಅವರ ಸ್ವಂತ ಇಚ್ಛೆಯೋ, ಮಕ್ಕಳಿಗೆ ಹೊರೆಯಾಗಬಾರದೆಂಬ ಸಂಕೋಚವೋ ಎಂದು ವಿವೇಚಿಸಬೇಕಾಗುತ್ತದೆ. ಸಂಕೋಚವನ್ನು ಇಚ್ಛೆಯೆಂದು ಒಪ್ಪಿಕೊಳ್ಳುವುದು ಅನುಕೂಲಕರವಾದ ಅಸತ್ಯ. ಈ ಭೇದವನ್ನು ಗ್ರಂಥವು ಆಳವಾಗಿ ಪರಿಶೀಲಿಸಿಲ್ಲ.

ಚಿಕಿತ್ಸೆಯ ಕುರಿತು ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮನ್ನಣೆ ನೀಡಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಸಮಕ್ಷಮ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಆದರೆ ಮನೆಯಲ್ಲಿ ಸತ್ಯವಾದ ಮಾತುಕತೆ ನಡೆಯದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ.

ಔಷಧದಾನಕ್ಕೆ ನಿಧಿ ಇರಿಸಿರುವ ಟ್ರಸ್ಟುಗಳು ನೋವುಶಮನಕ್ಕೂ ಮನೆಯಲ್ಲಿ ನಡೆಯುವ ಶುಶ್ರೂಷೆಗೂ ಒಂದು ಪಾಲು ಮೀಸಲಿಟ್ಟರೆ ಹಿರಿಯರ ಮಾತು ಸಂಕೋಚದಿಂದ ಬಿಡುಗಡೆ ಪಡೆದೀತು. ಪ್ರಶ್ನೆ ಕೇಳುವುದನ್ನು ಗವಾಂಡೆಯವರು ಕಲಿಸಿದ್ದಾರೆ. ನಿರ್ಭಯವಾಗಿ ಉತ್ತರಿಸುವ ಸ್ಥಿತಿಯನ್ನು ಸಮಾಜವೇ ಕಲ್ಪಿಸಿಕೊಡಬೇಕು.