ಕೊಡೆ ಮಾತ್ರ ಯಾಕೆ ನೆನಪಿದೆ?

ಬಾಂಡ್ ಸಿನಿಮಾಗಳಲ್ಲಿ ನನಗೆ ತುಂಬಾ ಇಷ್ಟ ಆಗೋದು ಹೊಡೆದಾಟವೂ ಅಲ್ಲ, ಕಾರೂ ಅಲ್ಲ. ಕ್ಯೂ ಬಂದು ಒಂದೊಂದೇ ಸಾಮಾನು ತೋರಿಸೋ ಸೀನು. 1963ರ 'ಫ್ರಮ್ ರಷ್ಯಾ ವಿತ್ ಲವ್' ಸಿನಿಮಾದ ಬ್ರೀಫ್‌ಕೇಸ್ ನೆನಪಿಸಿಕೊಳ್ಳಿ. ನೋಡೋಕೆ ಬ್ಯಾಂಕ್ ಮ್ಯಾನೇಜರ್ ಹಿಡ್ಕೊಂಡು ಹೋಗೋ ಪೆಟ್ಟಿಗೆ. ಒಳಗೆ ಚಾಕು, ಗುಂಡುಗಳು, ಚಿನ್ನದ ನಾಣ್ಯ, ತಪ್ಪಾಗಿ ತೆಗೆದರೆ ಮುಖಕ್ಕೆ ರಾಚೋ ಗ್ಯಾಸು. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆಗೆದು ಅಣ್ಣಾವ್ರನ್ನ ಸಿ.ಐ.ಡಿ. 999 ಮಾಡಿದ್ದೂ ಇದೇ ಗುಂಗಿನಲ್ಲಿ.

ಈ ಖುಷಿ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ವಿಷಯ ಗಮನಿಸಿ. ಸಿನಿಮಾದ ಆಯುಧ ಖಳನಾಯಕನಿಂದ ಮಾತ್ರ ಬಚ್ಚಿಟ್ಟದ್ದು, ನಮ್ಮಿಂದ ಅಲ್ಲ. ನಮಗೆ ಮೊದಲೇ ಡೆಮೋ ಕೊಟ್ಟಿರ್ತಾರೆ. ಯಾವಾಗ ಹೊರಗೆ ಬರುತ್ತೆ ಅಂತ ಕಾಯೋದೇ ಮಜಾ. ನಿಜವಾದ ಗೂಢಚಾರರ ಆಯುಧಕ್ಕೆ ಈ ಪ್ರೇಕ್ಷಕರೇ ಬೇಕಿಲ್ಲ. ಅದನ್ನ ಬಚ್ಚಿಡೋದು ಪೊಲೀಸರಿಂದ, ಡಾಕ್ಟರಿಂದ, ಕೊನೆಗೆ ಸತ್ತವನಿಂದಲೂ.

1957ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಲೆವ್ ರೆಬೆಟ್ ಅನ್ನೋ ಉಕ್ರೇನಿನ ರಾಜಕೀಯ ಬರಹಗಾರ ತನ್ನ ಆಫೀಸಿನ ಮೆಟ್ಟಿಲ ಮೇಲೆ ಬಿದ್ದು ಸತ್ತ. ಹೃದಯಾಘಾತ ಅಂತ ಬರೆದು ಮುಗಿಸಿದರು. ಎದುರಿಗೆ ಬಂದ ಬೊಗ್ದಾನ್ ಸ್ಟಾಶಿನ್ಸ್ಕಿ ಅನ್ನೋ ಕೆಜಿಬಿ ಏಜೆಂಟ್ ನ್ಯೂಸ್‌ಪೇಪರ್ ಸುರುಳಿಯೊಳಗಿಟ್ಟ ಕೊಳವೆಯಿಂದ ಮುಖಕ್ಕೆ ಸಯನೈಡ್ ಸಿಂಪಡಿಸಿದ್ದ. ಎರಡು ವರ್ಷ ಬಿಟ್ಟು ಅದೇ ಊರಲ್ಲಿ ಸ್ಟೆಪಾನ್ ಬಂಡೇರನನ್ನೂ ಅದೇ ರೀತಿ ಕೊಂದ. 1961ರಲ್ಲಿ ಪಶ್ಚಿಮ ಬರ್ಲಿನ್‌ಗೆ ಓಡಿಬಂದು ತಾನೇ ಬಾಯಿಬಿಡುವವರೆಗೂ ರೆಬೆಟ್‌ದು ಕೊಲೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಕೋರ್ಟು ಅವನಿಗೆ ಕೊಟ್ಟಿದ್ದು 8 ವರ್ಷ. ನಿಜವಾದ ಅಪರಾಧಿಗಳು ಆಜ್ಞೆ ಕೊಟ್ಟವರು, ಇವನು ಬರೀ ಸಹಾಯಕ ಅನ್ನೋ ವಾದದ ಮೇಲೆ. ಅಲ್ಲಿ ಬಚ್ಚಿಟ್ಟಿದ್ದು ಬಂದೂಕನ್ನಷ್ಟೇ ಅಲ್ಲ, ಕೊಲೆಯನ್ನೇ.

ಇಯಾನ್ ಫ್ಲೆಮಿಂಗ್‌ಗೆ ಇದೆಲ್ಲ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 1965ರಲ್ಲಿ ಬಂದ 'ದ ಮ್ಯಾನ್ ವಿತ್ ದ ಗೋಲ್ಡನ್ ಗನ್' ಕಾದಂಬರಿಯಲ್ಲಿ, ರಷ್ಯನ್ನರು ತಲೆ ತಿರುಗಿಸಿ ಕಳಿಸಿದ ಬಾಂಡ್ ತನ್ನ ಬಾಸ್ ಎಂ ಮೇಲೇ ಸಯನೈಡ್ ಪಿಸ್ತೂಲು ಹಾರಿಸ್ತಾನೆ. ಆದರೆ ಎಂ ಒಂದು ಗುಂಡಿ ಒತ್ತಿದ ತಕ್ಷಣ ಮೇಲಿಂದ ಗಾಜು ಇಳಿದುಬಿಡುತ್ತೆ. ರೆಬೆಟ್‌ಗೆ ಅಂಥ ಗಾಜು ಇರಲಿಲ್ಲ.

ಇನ್ನೊಂದು ಉದಾಹರಣೆ ನನ್ನನ್ನ ಹೆಚ್ಚು ಕಾಡುತ್ತೆ. 1954ರಲ್ಲಿ ನಿಕೊಲಾಯ್ ಖೊಖ್ಲೊವ್ ಅನ್ನೋ ಸೋವಿಯತ್ ಅಧಿಕಾರಿಯನ್ನ ಫ್ರಾಂಕ್‌ಫರ್ಟ್‌ಗೆ ಕಳಿಸಿದರು. ಜಾರ್ಜಿ ಒಕೊಲೊವಿಚ್ ಅನ್ನೋ ವಲಸಿಗ ನಾಯಕನನ್ನ ಮುಗಿಸಬೇಕಿತ್ತು. ಆಯುಧ, ಸಿಗರೇಟ್ ಪ್ಯಾಕ್ ಥರ ಕಾಣೋ ಸದ್ದಿಲ್ಲದ ಪಿಸ್ತೂಲು. ಖೊಖ್ಲೊವ್ ಒಕೊಲೊವಿಚ್ ಮನೆ ಬಾಗಿಲಿಗೆ ಹೋಗಿ, ನಿಮ್ಮನ್ನ ಕೊಲ್ಲೋಕೆ ಕಳಿಸಿದ್ದಾರೆ, ನಾನು ಮಾಡಲ್ಲ ಅಂದ. ಆಮೇಲೆ ಪತ್ರಕರ್ತರ ಮುಂದೆ ಎಲ್ಲವೂ ಬಯಲಾಯಿತು. 1957ರಲ್ಲಿ ಅವನಿಗೇ ವಿಷ ಹಾಕಿದರು, ಹೇಗೋ ಬದುಕಿಕೊಂಡ.

ಅದೇ 1957ರಲ್ಲೇ ಬಂತು ಫ್ಲೆಮಿಂಗ್‌ನ 'ಫ್ರಮ್ ರಷ್ಯಾ ವಿತ್ ಲವ್' ಕಾದಂಬರಿ. ಅದರಲ್ಲಿ ಕೊಲೆಗಾರ ಗ್ರಾಂಟ್‌ನ ಬಂದೂಕು ಟಾಲ್‌ಸ್ಟಾಯ್‌ನ 'ವಾರ್ ಅಂಡ್ ಪೀಸ್' ಪುಸ್ತಕದೊಳಗಿದೆ. ಬಾಂಡ್ ಬದುಕೋದು ಹೇಗೆ? ಎದೆಗೆ ಅಡ್ಡ ಹಿಡಿದ ಪುಸ್ತಕದೊಳಗೆ ಸಿಗರೇಟ್ ಕೇಸ್ ಸೇರಿಸಿದ್ದರಿಂದ. ನಿಜಜೀವನದಲ್ಲಿ ಸಿಗರೇಟ್ ಪ್ಯಾಕ್ ಕೊಲ್ಲೋ ಸಾಧನ, ಕಥೆಯಲ್ಲಿ ಸಿಗರೇಟ್ ಕೇಸ್ ಕಾಪಾಡೋ ತಾಯತ. ಜನಪ್ರಿಯ ಕಥೆ ಮಾಡೋ ಮೋಡಿ ಇದೇ: ನಮಗೆ ಭಯ ಹುಟ್ಟಿಸೋ ವಸ್ತುವನ್ನ ನಮ್ಮ ಕಡೆಗೆ ತಿರುಗಿಸಿಕೊಡುತ್ತೆ. ಫ್ಲೆಮಿಂಗ್‌ಗೆ ಒಂದು ಮಾರ್ಕ್ಸ್ ಕೊಡಲೇಬೇಕು. ಕಾದಂಬರಿಯ ಕೊನೆಯಲ್ಲಿ ರೋಸಾ ಕ್ಲೆಬ್‌ಳ ಶೂಸಿನ ವಿಷದ ಮೊನೆ ಬಾಂಡ್‌ಗೆ ನಿಜಕ್ಕೂ ತಾಗಿ, ಅವನು ನೆಲಕ್ಕೆ ಬೀಳ್ತಾನೆ. ಸಿನಿಮಾದವರಿಗೆ ಅಷ್ಟು ಧೈರ್ಯ ಬರಲಿಲ್ಲ; ಅಲ್ಲಿ ಟಟಿಯಾನಾ ಗುಂಡು ಹಾರಿಸಿ ಅವನನ್ನ ಉಳಿಸ್ತಾಳೆ.

ಈಗ ಕೊಡೆಗೆ ಬರೋಣ. 'ಬಲ್ಗೇರಿಯಾದ ಕೊಡೆ' ಅಂದರೆ ಕ್ವಿಜ್ ಆಡೋ ಎಲ್ಲರಿಗೂ ಗೊತ್ತು. 1978ರ ಸೆಪ್ಟೆಂಬರ್ 7, ಲಂಡನ್ನಿನ ವಾಟರ್‌ಲೂ ಬ್ರಿಜ್ ಹತ್ತಿರದ ಬಸ್ ಸ್ಟಾಪು. ತೊಡೆಗೆ ಏನೋ ಚುಚ್ಚಿತು. ತಿರುಗಿ ನೋಡಿದರೆ ಒಬ್ಬ ಬಿದ್ದ ಕೊಡೆ ಎತ್ತಿಕೊಳ್ತಾ ಸಾರಿ ಅಂದು ಟ್ಯಾಕ್ಸಿ ಹತ್ತಿದ. ನಾಲ್ಕನೇ ದಿನಕ್ಕೆ ಸಾವು. ದೇಹದಲ್ಲಿ ಸಿಕ್ಕಿದ್ದು 2 ಮಿಲಿಮೀಟರೂ ಇಲ್ಲದ ಲೋಹದ ಗುಂಡು. ವಿಷ ರಿಸಿನ್ ಅಂತ ತಜ್ಞರ ತೀರ್ಮಾನ. ಹರಳೆಣ್ಣೆ ತೆಗೀತಾರಲ್ಲ, ಅದೇ ಬೀಜದಲ್ಲಿರೋ ವಿಷ. ಆ ಕೊಡೆ ಯಾವತ್ತೂ ಸಿಗಲಿಲ್ಲ. ಗುಂಡು ಕೊಡೆಯಿಂದಲೇ ಬಂತು ಅನ್ನೋದೂ ಸಾಬೀತಾಗಿಲ್ಲ. ಯಾರಿಗೂ ಶಿಕ್ಷೆಯೂ ಆಗಿಲ್ಲ.

ಸತ್ತವರು ಗಿಯೋರ್ಗಿ ಮಾರ್ಕೊವ್. ವಯಸ್ಸು 49. ಕಾದಂಬರಿಕಾರ, ನಾಟಕಕಾರ. 1969ರಲ್ಲಿ ಬಲ್ಗೇರಿಯಾ ಬಿಟ್ಟು ಬಂದವರು. ಬಿಬಿಸಿಯಲ್ಲಿ ಕೆಲಸ ಮಾಡುತ್ತಾ, ರೇಡಿಯೋ ಫ್ರೀ ಯುರೋಪ್‌ನಲ್ಲಿ ತನ್ನ ದೇಶದ ಜನರಿಗೆ ತನ್ನ ದೇಶದ ಕಥೆ ಹೇಳುತ್ತಿದ್ದರು. ತಾನು ಹತ್ತಿರದಿಂದ ಕಂಡ ಸರ್ವಾಧಿಕಾರಿ ಟೊಡೊರ್ ಝಿವ್ಕೊವ್ ಬಗ್ಗೆಯೂ. ದಾಳಿ ನಡೆದ ದಿನ ಝಿವ್ಕೊವ್‌ನ ಹುಟ್ಟುಹಬ್ಬ.

ಕ್ವಿಜ್‌ನಲ್ಲಿ ಕೊಡೆಗೆ ಹತ್ತು ಮಾರ್ಕ್ಸು, ಮಾರ್ಕೊವ್ ಏನು ಹೇಳುತ್ತಿದ್ದರು ಅನ್ನೋದಕ್ಕೆ ಪ್ರಶ್ನೆಯೇ ಇಲ್ಲ. ನನ್ನ ತಕರಾರು ಇಷ್ಟೇ. ಗ್ಯಾಜೆಟ್ಟಿನ ಜಾಣತನಕ್ಕೆ ನಾವು ಬೆರಗಾದಷ್ಟೂ ಕೊಂದವರ ಕೆಲಸ ಸಲೀಸಾಗುತ್ತೆ. ಅವರಿಗೆ ಬೇಕಿದ್ದದ್ದು ಒಂದು ದನಿ ನಿಲ್ಲೋದು. ಆ ದನಿಯನ್ನ ಮರೆತು ನಾವು ಕೊಡೆಯ ಬಗ್ಗೆ ಮಾತಾಡ್ತಿದ್ದೀವಿ. ಬಾಂಡ್ ಸಿನಿಮಾ ಧಾರಾಳವಾಗಿ ನೋಡಿ, ನಾನೂ ನೋಡ್ತೀನಿ. ಜೊತೆಗೆ ಮಾರ್ಕೊವ್ ಬರೆದದ್ದನ್ನೂ ಹುಡುಕಿ ಓದಿ. ಅವರನ್ನ ಕೊಂದವರಿಗೆ ಬೇಡವಾಗಿದ್ದದ್ದು ಅದೇ.